ಎರಡು ದಾರಿ ಬರೆದವಳಿಗೆ ಸೊನ್ನೆ

“ಮಿಸ್, ಬೆಸ್ಟ್ ರೂಟ್ ಯಾವುದು ಅಂತ ಒಂದೇ ಮಾತಲ್ಲಿ ಹೇಳಿಬಿಡಿ, ಬರ್ಕೊಂಡ್ಬಿಡ್ತೀನಿ.”

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದಿರುವ ಪಿ.ಟಿ. ಟೀಚರ್ ಶ್ರುತಿ ಕಳೆದ ತಿಂಗಳು ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿಗೆ ಬಂದು, ಚಪ್ಪಲಿ ಬಿಡುವುದರೊಳಗೆ ಕೇಳಿದ ಮಾತಿದು. ಮೈಸೂರು ಕಡೆಯ ಹುಡುಗಿ, ಒಳ್ಳೆಯವಳು, ಕೈಯಲ್ಲಿ ಖರ್ಜೂರದ ಡಬ್ಬಿ ಬೇರೆ. ಆದರೂ ನನಗೆ ಪಿತ್ತ ನೆತ್ತಿಗೇರಿತು. ಮನೆಗೆ ಬಂದವರನ್ನು ಬೈಯಬಾರದೆಂದು ಚಹಾ ಇಡಲು ಒಳಗೆ ಹೋದೆ. ಚಹಾದ ಜೊತೆ ನಾನೂ ಕುದಿದೆ. ಆ ಕುದಿ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೊರಳಿಗೆ ಸೀಟಿ ಹಾಕಿಕೊಂಡು ಈ ಕೆಲಸಕ್ಕೆ ಬರುವ ಎಲ್ಲರೂ ಓದಲಿ.

ನನ್ನ ಊರು ಗದಗ. ಗಂಡ ಇಲ್ಲಿಯ ಸಬ್ಹಾನ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅವರ ಕೆಲಸ ಇನ್ನೂ ಇದೆ, ಹಾಗಾಗಿ ಅವರ ಇಕಾಮಾದ, ಅಂದರೆ ವಾಸದ ಪರವಾನಗಿಯ, ನೆರಳಿನಲ್ಲಿ ನಾನೂ ಕುವೈತಿನಲ್ಲೇ ಇದ್ದೇನೆ. ಇಲ್ಲಿಯ ಒಂದು ಭಾರತೀಯ ಶಾಲೆಯಲ್ಲಿ ನಾನು ಪಿ.ಟಿ. ಟೀಚರ್ ಆಗಿದ್ದೆ. ಮಕ್ಕಳಿಗೆ ‘ಪಾಟೀಲ ಮಿಸ್’. ಬಡ್ತಿ ಎಂದೂ ಬರಲಿಲ್ಲ. ಬಂದಿದ್ದರೂ ಅದನ್ನು ಓದಿ ನಿಮಗೆ ಆಗಬೇಕಾದ್ದೇನೂ ಇಲ್ಲ. ನನ್ನ ಕೈಗೆ ಒಂದು ವಿಚಿತ್ರ ಆಟ ಬಂತು, ಓರಿಯೆಂಟಿಯರಿಂಗ್. ಅದರ ಕಥೆ ಮಾತ್ರ ಹೇಳುತ್ತೇನೆ.

ಆಟ ಸರಳ. ಓಡುವವಳ ಕೈಗೆ ಒಂದು ನಕ್ಷೆ ಮತ್ತು ಒಂದು ದಿಕ್ಸೂಚಿ ಕೊಡುತ್ತೇವೆ. ಬಯಲಿನಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಣ್ಣದ ಬಾವುಟ ಇಟ್ಟಿರುತ್ತೇವೆ. ಒಂದನೆಯದು, ಎರಡನೆಯದು, ಮೂರನೆಯದು ಎಂದು ಕ್ರಮವಾಗಿ ಎಲ್ಲವನ್ನೂ ಮುಟ್ಟಿ ಬೇಗ ಬಂದವರು ಗೆದ್ದಂತೆ. ಒಂದು ಬಾವುಟದಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕು ಎಂದು ಯಾರೂ ಹೇಳುವುದಿಲ್ಲ. ದಿಬ್ಬ ಹತ್ತಿ ನೆಟ್ಟಗೆ ಹೋಗುತ್ತೀಯೋ, ಸುತ್ತು ಹಾಕುತ್ತೀಯೋ, ಅದು ನಿನಗೆ ಬಿಟ್ಟಿದ್ದು. ಆಟದ ಜೀವವೆಲ್ಲ ಅಲ್ಲಿದೆ. ಕಾಲು ಓಡುತ್ತಿರುವಾಗಲೇ ತಲೆ ದಾರಿ ಆರಿಸುತ್ತಿರಬೇಕು. ಆರಿಸುವುದನ್ನು ತೆಗೆದುಹಾಕಿದರೆ ಉಳಿಯುವುದು ಬಿಸಿಲಲ್ಲಿ ಬೆವರುವುದೊಂದೇ. ನಾನು ಕೆಲಸ ಮಾಡಿದಷ್ಟು ಕಾಲವೂ ದೊಡ್ಡವರು ಸೇರಿ ಮಕ್ಕಳ ಕೈಯಿಂದ ಅದನ್ನೇ ಕಿತ್ತುಕೊಳ್ಳುತ್ತಿದ್ದರು. ನನ್ನ ಸಿಟ್ಟಿಗೆ ಬೇರೆ ಕಾರಣ ಇಲ್ಲ.

ಮೊದಲ ಅಭ್ಯಾಸ ಸಬ್ಹಾನ್‌ನಲ್ಲಿ ಮಾಡಿಸಿದೆ. ಇಲ್ಲಿಯ ವಾರದ ರಜೆ ಶುಕ್ರವಾರ, ಅವತ್ತು ಬೆಳಿಗ್ಗೆ ಕಾರ್ಖಾನೆ, ಗೋದಾಮು ಎಲ್ಲ ಮುಚ್ಚಿರುತ್ತವೆ, ರಸ್ತೆಗಳು ಭಣಗುಡುತ್ತವೆ. ಒಂದು ಬಾವುಟವನ್ನು ರಸ್ತೆಯ ಆಚೆ ಬದಿಗೆ, ಮಕ್ಕಳ ಕಣ್ಣೆದುರಿಗೇ ಇಟ್ಟಿದ್ದೆ. ನಡುವೆ ಮೊಣಕಾಲೆತ್ತರದ ಕಟ್ಟೆ. ಬಂಡಿ ಬಂದರೆ ತಡೆಯಲು ನಾನೇ ನಿಂತಿದ್ದೆ. ಮೊದಲ ಹುಡುಗ ಬಾವುಟ ನೋಡಿದ, ನಕ್ಷೆ ನೋಡಿದ, ನನ್ನನ್ನು ದಾಟಿ ಓಡಿಯೇ ಹೋದ. ಆಚೆ ತುದಿಯ ಯು-ಟರ್ನ್ ತನಕ ಓಡಿ, ಅಲ್ಲಿ ತಿರುಗಿ, ಆ ಬದಿಯಿಂದ ಏದುಸಿರು ಬಿಡುತ್ತಾ ಬಂದ. ಅವನ ಹಿಂದೆ ಬಂದವರೂ ಹಾಗೇ ಮಾಡಿದರು. ಒಬ್ಬಳಂತೂ ರೌಂಡ್‌ಅಬೌಟಿಗೆ ಪೂರ್ತಿ ಸುತ್ತು ಹಾಕಿದಳು.

“ಯಾಕೋ ತಮ್ಮಾ, ಇಲ್ಲೇ ಕಾಣಾಕತ್ತಿತ್ತಲ್ಲ, ದಾಟಿ ಬರಬಾರದಾಗಿತ್ತೇನು?” ಎಂದು ಕೇಳಿದೆ.

“ಬಟ್ ಮಿಸ್, ಯು-ಟರ್ನ್ ಅಲ್ಲಿದೆ!”

“ನಿನ್ನ ಹಂತ್ಯಾಕ ಕಾರ್ ಎಲ್ಲೈತೋ?”

ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತುಹೋಯಿತು. ಹುಟ್ಟಿದಾಗಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೆಳೆದ ಮಕ್ಕಳಿವು. ಫ್ಲ್ಯಾಟಿನಿಂದ ಲಿಫ್ಟು, ಲಿಫ್ಟಿನಿಂದ ಕಾರು, ಕಾರಿನಿಂದ ಶಾಲೆ. ತಮ್ಮ ಕಾಲಿಗೂ ಸ್ಟಿಯರಿಂಗ್ ಇದೆ ಎಂದುಕೊಂಡಿದ್ದವು. ಅದರಲ್ಲಿ ಅವುಗಳ ತಪ್ಪೇನಿಲ್ಲ. ಕಟ್ಟೆ ದಾಟಬಹುದು, ಆದರೆ ದಾಟಬೇಕೆಂದೇನೂ ಇಲ್ಲ, ಎಂದು ಕಲಿಸಲು ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು. ಅಷ್ಟರಲ್ಲಿ ಒಬ್ಬ ತಂದೆ ತನ್ನ ದೊಡ್ಡ ಗಾಡಿಯನ್ನು ಮಗನ ಪಕ್ಕದಲ್ಲೇ ನಿಧಾನವಾಗಿ ಓಡಿಸುತ್ತಾ, ಕಿಟಕಿಯಿಂದ “ಲೆಫ್ಟ್! ಲೆಫ್ಟ್!” ಎಂದು ಕೂಗುತ್ತಾ ಬಂದ. ನಾನು ಗಾಡಿಗೆ ಅಡ್ಡ ನಿಂತೆ. “ಸರ್, ನೀವು ಓಡೂದಾದ್ರ ಇಳೀರಿ, ಎದಿಗೆ ಹಚ್ಚೋ ನಂಬರ್ ಕೊಡ್ತೇನಿ” ಅಂದೆ. ಆತ ಶಾಲೆಗೆ ದೂರು ಕೊಟ್ಟ. ನನ್ನ ಮೇಲೆ ಬಂದ ಮೊದಲ ದೂರು ಅದು. ಇವತ್ತಿಗೂ ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ಶಾಲೆಯ ಕ್ರೀಡಾದಿನದ ಕಥೆ ಇನ್ನೊಂದು. ಮುಖ್ಯ ಅತಿಥಿಗಳ ಸೋಫಾದಿಂದ ಎಲ್ಲ ಬಾವುಟಗಳೂ ಕಾಣಬೇಕೆಂದು ಆಡಳಿತದವರ ಅಪ್ಪಣೆಯಾಯಿತು. ಎಲ್ಲ ಕಾಣುವುದಾದರೆ ಹುಡುಕುವುದೇನನ್ನು ಎಂದು ಕೇಳಿದೆ. ಫೋಟೋ ಚೆನ್ನಾಗಿ ಬರಬೇಕು ಅಂದರು. ಮಕ್ಕಳು ನಕ್ಷೆಯನ್ನು ಜೇಬಿಗಿಟ್ಟುಕೊಂಡು ಬಾವುಟದಿಂದ ಬಾವುಟಕ್ಕೆ ಜಿಗಿದರು, ಅತಿಥಿಗಳು ಚಪ್ಪಾಳೆ ತಟ್ಟಿದರು, ಫೋಟೋ ಚೆನ್ನಾಗಿ ಬಂತು.

ವಿಧಾನಗಳೂ ಬದಲಾದವು. ಮೊದಮೊದಲು ನಾನೇ ನಡೆದು ಪೆನ್ಸಿಲಿನಲ್ಲಿ ನಕ್ಷೆ ಬಿಡಿಸಿ ಜೆರಾಕ್ಸ್ ಮಾಡಿಸುತ್ತಿದ್ದೆ. ಬಾವುಟ ಮುಟ್ಟಿದ್ದಕ್ಕೆ ಕಾಗದದ ಚೀಟಿಗೆ ತೂತು ಹಾಕಿಕೊಳ್ಳಬೇಕಿತ್ತು. ಆಮೇಲೆ ಬೆರಳಿಗೆ ಕಟ್ಟುವ ಚಿಪ್ ಬಂತು, ಅದರ ಹಿಂದೆಯೇ ಜಿಪಿಎಸ್ ಗಡಿಯಾರ ಬಂತು. ಚಿಪ್ ಒಳ್ಳೆಯದು, ಮೋಸ ಕಡಿಮೆಯಾಯಿತು. ಗಡಿಯಾರದ ಮಾತು ಬೇರೆ. ಓಟ ಮುಗಿದ ಮೇಲೆ ಪ್ರತಿ ಮಗು ಎಲ್ಲೆಲ್ಲಿ ಸುತ್ತಾಡಿತೆಂದು ಪರದೆಯ ಮೇಲೆ ಗೆರೆ ಮೂಡುತ್ತದೆ. ಮಗು ತಾನೇ ಕೂತು ನೋಡಿ ಕಲಿಯಲೆಂದು ಅದನ್ನು ಮಾಡಿದ್ದು. ನಮ್ಮಲ್ಲಿ ಅಪ್ಪ-ಅಮ್ಮಂದಿರು ಸುತ್ತ ಕೂತು “ನೋಡಿ ನೋಡಿ, ಇವಳು ಅಲ್ಲೇ ಗಿರಗಿಟ್ಲೆ ಆಡ್ತಿದ್ಲು” ಎಂದು ನಗುತ್ತಿದ್ದರು. ಮಗು ತಲೆ ತಗ್ಗಿಸಿ ನಿಂತಿರುತ್ತಿತ್ತು. ದಾರಿ ತಪ್ಪಿದ್ದಕ್ಕೆ ನಾಚಿಕೆಪಡಬೇಕೆಂದು ಒಮ್ಮೆ ಕಲಿತ ಮಗು ಆಮೇಲೆ ಹೊಸ ದಾರಿ ಹಿಡಿಯುವುದಿಲ್ಲ, ಮುಂದೆ ಓಡುವವರ ಬೆನ್ನು ಹಿಡಿಯುತ್ತದೆ.

ಇದೆಲ್ಲ ಸಣ್ಣ ಸಿಟ್ಟು. ದೊಡ್ಡ ಸಿಟ್ಟಿನ ಹೆಸರು ದೇಸಾಯಿ ಸರ್.

ದೇಸಾಯಿ ಸರ್ ಗಣಿತದ ಹೆಡ್, ವಿಜಯಪುರದವರು. ಪಾಠದಲ್ಲಿ ಪುಣ್ಯಾತ್ಮ, ಅದನ್ನು ಅಲ್ಲಗಳೆಯಲಾರೆ. ಅವರನ್ನು ತಂದು ಆಟೋಟಗಳ ಮೇಲ್ವಿಚಾರಕರನ್ನಾಗಿ ನನ್ನ ತಲೆಯ ಮೇಲೆ ಕೂರಿಸಿದರು. ಅಂತರಶಾಲಾ ಸ್ಪರ್ಧೆ ಪ್ರತಿ ವರ್ಷವೂ ಸಿಟಿಯ ದಕ್ಷಿಣಕ್ಕಿರುವ ಒಂದೇ ಮರಳುಬಯಲಿನಲ್ಲಿ ನಡೆಯುತ್ತದೆಂದು ಅವರಿಗೆ ತಿಳಿಯಿತು. ಹಿಂದಿನ ವರ್ಷಗಳ ನಕ್ಷೆಗಳನ್ನೆಲ್ಲ ಕೂಡಿಹಾಕಿದರು. ಬಾವುಟ ಎಲ್ಲೆಲ್ಲಿ ಬರಬಹುದೆಂದು ಲೆಕ್ಕ ಹಾಕಿ, ಅಲ್ಲಿಂದಿಲ್ಲಿಗೆ ಕೆಂಪು ಗೆರೆ ಎಳೆದು, ಒಂದು ಗೈಡ್ ತಯಾರು ಮಾಡಿಸಿದರು. ಸ್ಪೈರಲ್ ಬೈಂಡಿಂಗ್, ಮೇಲೆ ಶಾಲೆಯ ಲಾಂಛನ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಮಾದರಿ ಉತ್ತರ ಇರುವುದಿಲ್ಲವೇ, ಹಾಗೆ ಮರಳುಗಾಡಿಗೂ ಮಾದರಿ ಉತ್ತರ. ಮಕ್ಕಳು ದಾರಿಯನ್ನು ಬಾಯಿಪಾಠ ಮಾಡತೊಡಗಿದವು. ಇಂಥ ಕೆಲಸವನ್ನು ನಮ್ಮವರಲ್ಲದೆ ಇನ್ನಾರೂ ಮಾಡಲಾರರು.

“ಸರ್, ಇದು ಆಟ ಅಲ್ರಿ, ಟ್ಯೂಷನ್” ಅಂದೆ.

“ಮೇಡಂ, ಎರಡು ಬಿಂದುಗಳ ನಡುವಿನ ಅತಿ ಸಣ್ಣ ದೂರ ಸರಳರೇಖೆ. ಇದರಾಗ ಚರ್ಚಾ ಏನೈತಿ?”

“ನಡುವ ಮೆತ್ತನ್ನ ಉಸುಕು ಇದ್ರ?”

“ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ” ಎಂದು ನಕ್ಕರು.

“ನೆಲಾ ಡೊಂಕ ಐತ್ರಿ ಸರ್! ಅದು ಎಲ್ಲೆಲ್ಲಿ ಡೊಂಕು ಐತಿ ಅಂತ ನೋಡೂದ ಈ ಆಟ!”

ಸ್ಟಾಫ್‌ರೂಮಿನಲ್ಲಿ ಎಲ್ಲರೂ ತಲೆ ಎತ್ತಿ ನೋಡಿದರು.

ಆ ವರ್ಷ ನನ್ನ ಬಳಿ ಜೆನಿಟಾ ಇದ್ದಳು. ಒಂಬತ್ತನೇ ಕ್ಲಾಸು. ಅಪ್ಪನಿಗೆ ಕುವೈತ್ ಸಿಟಿಯಲ್ಲಿ ಆಫೀಸು ಕೆಲಸ, ಅಮ್ಮ ಲವೀನಾ ನರ್ಸ್, ಉಡುಪಿ ಕಡೆಯ ಕೊಂಕಣಿ ಕುಟುಂಬ. ಹುಡುಗಿ ಓಟದಲ್ಲಿ ನಿಧಾನ. ಮರಳಿನಲ್ಲಂತೂ ಅವಳ ಉಸಿರು ಬೇಗ ಕಟ್ಟುತ್ತಿತ್ತು. ಆದರೆ ನಕ್ಷೆ ಕೈಗೆ ಕೊಟ್ಟರೆ ನೆಲವನ್ನೇ ಕಣ್ಣಿನಲ್ಲಿ ಮುಟ್ಟಿ ನೋಡಿದಂತೆ ನೋಡುತ್ತಿದ್ದಳು. ಎಲ್ಲಿ ಗಟ್ಟಿ ಜಲ್ಲಿ, ಎಲ್ಲಿ ಏರು, ಎಲ್ಲಿ ನಡೆದರೂ ನಡೆಯುತ್ತದೆ ಎಂದು ಲೆಕ್ಕ ಹಾಕಿ, ಓಡುವವರಿಗಿಂತ ಮೊದಲು ಬಂದು ನಿಲ್ಲುತ್ತಿದ್ದಳು. ಆ ಸ್ಪರ್ಧೆಗೆ ಹೋಗಬೇಕೆಂಬುದೊಂದೇ ಅವಳ ಆಸೆ. ಅದೇ ಕೊನೆಯ ಅವಕಾಶವೂ ಆಗಿತ್ತು. ಮುಂದಿನ ವರ್ಷ ಹತ್ತನೇ ಕ್ಲಾಸು, ಆಟ ಬಂದ್, ಬರೀ ಟ್ಯೂಷನ್ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ನಾಲ್ವರು ಹುಡುಗಿಯರ ತಂಡ. ಅವರನ್ನು ಆರಿಸಲು ದೇಸಾಯಿ ಸರ್ ಲಿಖಿತ ಪರೀಕ್ಷೆ ಇಟ್ಟರು. ಹೌದು, ಓಟದ ತಂಡಕ್ಕೆ ಲಿಖಿತ ಪರೀಕ್ಷೆ! ನಕ್ಷೆಯ ಮೇಲೆ ಸರಿಯಾದ ದಾರಿ ಎಳೆಯಿರಿ, ಒಂದೊಂದಕ್ಕೆ ಇಷ್ಟು ಅಂಕ. ಜೆನಿಟಾ ಪ್ರತಿ ಪ್ರಶ್ನೆಗೂ ಎರಡೆರಡು ಗೆರೆ ಎಳೆದಳು. ಒಂದರ ಪಕ್ಕ ‘ನೆಲ ಒಣಗಿದ್ದರೆ’, ಇನ್ನೊಂದರ ಪಕ್ಕ ‘ಒದ್ದೆಯಿದ್ದರೆ’ ಅಥವಾ ‘ಸುಸ್ತಾಗಿದ್ದರೆ’ ಎಂದು ಇಂಗ್ಲಿಷಿನಲ್ಲಿ ಬರೆದಳು. ಒಂದು ಪ್ರಶ್ನೆಗೆ ಎರಡು ಉತ್ತರ ಬರೆದರೆ ಅಂಕವಿಲ್ಲವೆಂದು ದೇಸಾಯಿ ಸರ್ ಸೊನ್ನೆ ಸುತ್ತಿದರು. ತಂಡದಲ್ಲಿ ಅವಳ ಹೆಸರಿಲ್ಲ.

ಅವತ್ತು ಸಂಜೆ ಲವೀನಾ ಫೋನ್ ಮಾಡಿದರು. “ಎಂತ ಮಾಡುದು ಮಿಸ್? ಬಂದಾಗಿನಿಂದ ರೂಮಿನ ಬಾಗಿಲು ಹಾಕಿ ಕೂತಿದ್ದಾಳೆ. ಊಟ ಬೇಡ ಅಂತಾಳೆ. ಅವಳಿಗೆ ಸೊನ್ನೆ ಬಂದದ್ದು ಇದೇ ಮೊದಲು ಮಾರಾಯ್ರೆ.”

ನಾನು ರಾತ್ರಿಯೆಲ್ಲ ಹಲ್ಲು ಕಡಿದು, ಬೆಳಿಗ್ಗೆ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ದೇಸಾಯಿ ಸರ್ ಅಲ್ಲೇ ಕೂತಿದ್ದರು. ಇದ್ದರೆ ಒಳ್ಳೆಯದೇ ಆಯಿತು ಅಂದುಕೊಂಡೆ. “ಆ ಹುಡುಗಿ ಬಸ್ ಹತ್ತಲಿಲ್ಲಾಂದ್ರ ನಾನೂ ಹತ್ತೂದಿಲ್ಲ. ಮರಳಾಗ ಮಕ್ಕಳಿಗೆ ನೀರು ಕುಡಿಸೂದು, ವಾಂತಿ ಮಾಡಿಕೊಂಡ್ರ ಬೆನ್ನು ತಿಕ್ಕೂದು, ದಾರಿ ತಪ್ಪಿದವರನ್ನ ಹುಡುಕೂದು ಎಲ್ಲಾ ಸರಳರೇಖಾ ಸರ್ ಮಾಡ್ಲಿ” ಅಂದೆ. ಪ್ರಿನ್ಸಿಪಾಲರು ಹಾವೂ ಸಾಯದ, ಕೋಲೂ ಮುರಿಯದ ದಾರಿ ಹುಡುಕಿದರು. ಮೂವರು ದೇಸಾಯಿ ಸರ್ ಆರಿಸಿದವರು, ಒಬ್ಬಳು ನಾನು ಆರಿಸಿದವಳು. ಸ್ಪರ್ಧೆಯಲ್ಲಿ ನನ್ನವಳು ಹಿಂದೆ ಬಿದ್ದರೆ ಮುಂದಿನ ವರ್ಷದಿಂದ ದಾರಿ ಕಲಿಸುವ ಕೆಲಸ ಪೂರ್ತಿ ದೇಸಾಯಿ ಸರ್‌ದು. ನಾನು ಒಪ್ಪಿಕೊಂಡೆ.

ಸ್ಪರ್ಧೆಗೆ ಕೆಲವು ದಿನ ಮೊದಲು ಇಲ್ಲಿ ಜೋರು ಮಳೆ ಸುರಿಯಿತು. ಕುವೈತಿನ ಚಳಿಗಾಲದಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ನಾವು ಹೋಗುವ ಹೊತ್ತಿಗೆ ಬಿಸಿಲು ಬಿದ್ದು ಬಯಲೆಲ್ಲ ಒಣಗಿದಂತೆ ಕಾಣುತ್ತಿತ್ತು. ಓಟದ ಅತಿ ಉದ್ದದ ಭಾಗ ಐದನೇ ಬಾವುಟದಿಂದ ಆರನೆಯದಕ್ಕೆ. ನಡುವೆ ಒಂದು ಅಗಲವಾದ ತಗ್ಗು. ಉಪ್ಪು ನೆಲ, ಇಲ್ಲಿಯವರು ಸಬ್ಖಾ ಎನ್ನುತ್ತಾರೆ. ಮೇಲೆ ಹಪ್ಪಳದಂಥ ಪದರ, ಮಳೆ ಬಂದಿದ್ದರೆ ಅದರ ಕೆಳಗೆ ಕೆಸರು. ಗೈಡಿನ ಕೆಂಪು ಗೆರೆ ಅದರ ಮೇಲೆ ನೆಟ್ಟಗೆ ಹಾದುಹೋಗಿತ್ತು. ಇನ್ನೊಂದು ದಾರಿ ವಿದ್ಯುತ್ ಕಂಬಗಳ ಸಾಲಿನ ಪಕ್ಕದ ಜಲ್ಲಿ ರಸ್ತೆ. ಅದು ದಿಬ್ಬದ ಹಿಂದಿನಿಂದ ದೊಡ್ಡ ಸುತ್ತು ಹಾಕಿ ಬರುತ್ತದೆ, ಹೆಚ್ಚುಕಡಿಮೆ ಎರಡರಷ್ಟು ದೂರ.

ಆರನೇ ಬಾವುಟದ ಹತ್ತಿರವೇ ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ದೇಸಾಯಿ ಸರ್, ಕೈಯಲ್ಲಿ ಗೈಡ್. ಸ್ಪರ್ಧಿಗಳನ್ನು ಒಬ್ಬೊಬ್ಬರಾಗಿ ಬಿಡುತ್ತಾರೆ. ನಮ್ಮ ಮೊದಲ ಹುಡುಗಿ ತಗ್ಗಿಗೆ ಇಳಿದಳು, ಕೆಂಪು ಗೆರೆಯ ಮೇಲೆ ನೆಟ್ಟಗೆ. ಅರ್ಧಕ್ಕೆ ಬರುವಷ್ಟರಲ್ಲಿ ಮೀನಖಂಡದವರೆಗೆ ಹೂತಳು. ಎರಡನೆಯವಳು ಅವಳನ್ನು ಕಣ್ಣಾರೆ ನೋಡಿದಳು, ನೋಡಿಯೂ ಅಲ್ಲೇ ಇಳಿದಳು! ಯಾಕೆಂದರೆ ಉತ್ತರ ಅದೇ ಅಲ್ಲವೇ. ಮೂರನೆಯವಳ ಒಂದು ಬೂಟು ಕೆಸರಿನಲ್ಲೇ ಉಳಿಯಿತು. ನಾನು ಗೈಡನ್ನು ಕಿತ್ತು ಆ ಕೆಸರಿಗೇ ಎಸೆಯಬೇಕೆಂದುಕೊಂಡೆ. ಮಕ್ಕಳು ನೋಡುತ್ತಿದ್ದವೆಂದು ಬಿಟ್ಟೆ.

ಕೊನೆಗೆ ಬಿಟ್ಟಿದ್ದು ಜೆನಿಟಾಳನ್ನು. ತಗ್ಗಿನಲ್ಲಿ ಅವಳು ಕಾಣಲೇ ಇಲ್ಲ.

“ನಿಮ್ಮ ಹುಡುಗಿ ಸೌದಿ ಗಡಿ ದಾಟಿರಬೇಕ್ರಿ ಮೇಡಂ” ಎಂದರು ದೇಸಾಯಿ ಸರ್.

ನಮ್ಮ ಮೂವರೂ ಇನ್ನೂ ಕೆಸರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಎಳೆಯುತ್ತಿದ್ದರು. ಅಷ್ಟರಲ್ಲಿ ದಿಬ್ಬದ ಪಕ್ಕದಿಂದ ಜೆನಿಟಾ ಬಂದಳು. ಓಡುತ್ತಿರಲಿಲ್ಲ, ನಡೆಯುತ್ತಿದ್ದಳು! ನಕ್ಷೆ ನೋಡುತ್ತಾ, ಉಸಿರು ತಿರುಗಿಸಿಕೊಳ್ಳುತ್ತಾ, ಸಂತೆಗೆ ಹೊರಟವರ ಹಾಗೆ ಆರಾಮವಾಗಿ ಬರುತ್ತಿದ್ದಳು. ಬಾವುಟ ಕಂಡೊಡನೆ ಓಡತೊಡಗಿದಳು. ಬೂಟಿಗೆ ಬರೀ ಧೂಳು ಹತ್ತಿತ್ತು.

“ಕೆಸರು ಐತಿ ಅಂತ ಹೆಂಗ ಗೊತ್ತಾತು?” ಎಂದು ಆಮೇಲೆ ಕೇಳಿದೆ.

“ದೂರದಲ್ಲಿ ಅವರು ನಿಂತದ್ದು ಕಂಡಿತು, ಕೆಸರು ಅಂತ ಗೊತ್ತಿರ್ಲಿಲ್ಲ ಮಿಸ್. ಒಂದು ಕಾಲು ಇಟ್ಟು ನೋಡಿದೆ, ಕ್ರಸ್ಟ್ ಒಡೀತು. ಮತ್ತೆ ನನಗೆ ಸುಸ್ತೂ ಆಗಿತ್ತು. ಜಲ್ಲಿ ರೋಡಲ್ಲಿ ನಡ್ಕೊಂಡು ಯೋಚನೆ ಮಾಡ್ಲಿಕ್ಕೆ ಆಗ್ತದಲ್ಲ.”

ಒಟ್ಟು ಓಟದಲ್ಲಿ ಅವಳಿಗೆ ಪದಕವೇನೂ ಬರಲಿಲ್ಲ, ಬೇರೆ ಶಾಲೆಗಳಲ್ಲಿ ಅವಳಿಗಿಂತ ಗಟ್ಟಿ ಹುಡುಗಿಯರಿದ್ದರು. ಆದರೆ ನಮ್ಮ ನಾಲ್ವರಲ್ಲಿ ಅವಳೇ ಮೊದಲು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಊರು ಬರುವ ತನಕ ಒಬ್ಬಳೇ ನಗುತ್ತಿದ್ದಳು. ಆಗ ನನಗೆ ಅಷ್ಟು ಸಾಕಾಗಿತ್ತು.

ಇಲ್ಲಿ ಶಾಲೆಯ ವಾರ ಶುರುವಾಗುವ ಭಾನುವಾರದ ಅಸೆಂಬ್ಲಿಯಲ್ಲಿ ದೇಸಾಯಿ ಸರ್ ಮೈಕ್ ಹಿಡಿದರು. ಜೆನಿಟಾಳ ಗಡಿಯಾರದ ಗೆರೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ನಮ್ಮ ಶಾಲೆ ಕಂಡುಹಿಡಿದ ಅತ್ಯುತ್ತಮ ಮಾರ್ಗ ಎಂದರು. ಹುಡುಗಿಯ ಹೆಸರು ಹೇಳಲಿಲ್ಲ. ಅವಳು ಹಿಂದಿನ ಸಾಲಿನಲ್ಲಿ ನಿಂತು ತನ್ನದೇ ಗೆರೆಯನ್ನು ನೋಡುತ್ತಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಗೈಡಿನ ಹೊಸ ಆವೃತ್ತಿ ಬಂತು. ಹಳೆಯ ಸರಳರೇಖೆ ಹೋಗಿ ಅವಳ ಸುತ್ತುದಾರಿ ಬಂದಿತ್ತು, ಕೆಂಪು ಶಾಯಿಯಲ್ಲಿ, ಒಂದೇ ಒಂದು ಗೆರೆ.

“ಒಣಗಿದ್ರ ಅನ್ನೋದು ಎಲ್ಲಿ ಹೋತ್ರಿ? ಇನ್ನೊಂದು ಗೆರಿ?” ಎಂದು ಕೇಳಿದೆ.

“ಎರಡು ಕೊಟ್ರ ಮಕ್ಕಳಿಗೆ ಕನ್ಫ್ಯೂಷನ್ ಆಗ್ತದ ಮೇಡಂ.”

ನನಗೆ ಅತ್ತುಬಿಡುವಷ್ಟು ಸಿಟ್ಟು ಬಂತು. ಅವಳ ದಾರಿಯನ್ನು ಕದ್ದರೆ ಕದಿಯಲಿ, ಅವಳು ಅದನ್ನು ಆರಿಸಿದ್ದನ್ನೇ ಅಳಿಸಿಹಾಕಿದ್ದರಲ್ಲ! ಜೆನಿಟಾ ಮತ್ತೆ ಓಡಲಿಲ್ಲ. ಹತ್ತನೇ ಕ್ಲಾಸು, ಟ್ಯೂಷನ್, ಆಮೇಲೆ ಊರಿನ ಕಾಲೇಜು. ಮಾತು ಕೊಟ್ಟಂತೆ ದಾರಿ ಕಲಿಸುವ ಕೆಲಸ ನನ್ನಲ್ಲೇ ಉಳಿಯಿತು. ಗೈಡೂ ಉಳಿಯಿತು. ನಾನು ಮೈದಾನದಲ್ಲಿ ಕಲಿಸುತ್ತಿದ್ದೆ, ಮಕ್ಕಳು ಮನೆಗೆ ಹೋಗಿ ಅದನ್ನು ಉರುಹೊಡೆಯುತ್ತಿದ್ದವು.

ಈಗ ಶ್ರುತಿಯ ಮಾತಿಗೆ ಬರುತ್ತೇನೆ. ಚಹಾ ತಂದಿಟ್ಟು, “ಒಂದೇ ಮಾತಿನಾಗ ಯಾಕ ಬೇಕವಾ?” ಎಂದು ಕೇಳಿದೆ.

“ಒಂದು ಹುಡುಗಿ ವಿಷಯದಲ್ಲಿ ಅವಳ ಪೇರೆಂಟ್ಸ್ ನನ್ನ ಜೊತೆ ಜಗಳ ಮಾಡ್ತಿದ್ದಾರೆ ಮಿಸ್. ನಾಜ್ ಅಂತ, ಮಂಗಳೂರು ಕಡೆಯವಳು. ಪ್ರಾಕ್ಟೀಸಲ್ಲಿ ಗೈಡ್ ರೂಟ್ ಬಿಟ್ಟು ತನ್ನಿಷ್ಟ ಬಂದ ಹಾಗೆ ಓಡಿದ್ಲು. ಡಿಸಿಪ್ಲಿನ್ ಇಲ್ಲ ಅಂತ ಟೀಮಿಂದ ತೆಗೆದೆ. ನೀವು ಬೆಸ್ಟ್ ರೂಟ್ ಇದೇ ಅಂದ್ರೆ ಅವರಿಗೆ ಹೇಳ್ಬಿಡ್ತೀನಿ.”

ಶ್ರುತಿ ಮೊಬೈಲಿನಲ್ಲಿ ಗೈಡ್ ತೆಗೆದು ತೋರಿಸಿದಳು. ಅದೇ ಬಯಲು, ಅದೇ ತಗ್ಗು. ವಿದ್ಯುತ್ ಕಂಬಗಳ ಪಕ್ಕದಲ್ಲಿ ದಿಬ್ಬ ಬಳಸಿ ಬರುವ ಕೆಂಪು ಗೆರೆ. ಅದು ಜೆನಿಟಾಳದು. ಎಲ್ಲಿ ಕಂಡರೂ ಗುರುತಿಸುತ್ತೇನೆ.

“ಆಕಿ ಎಲ್ಲಿಂದ ಹೋದ್ಲು?”

“ನೆಟ್ಟಗೆ, ತಗ್ಗಲ್ಲಿ ಇಳಿದು.”

“ಈ ವರ್ಷ ಮಳಿ ಆಗೇತೇನು?”

“ಇಲ್ಲ ಮಿಸ್, ಒಂದು ಹನಿನೂ ಇಲ್ಲ. ನೆಲ ಸಿಮೆಂಟ್ ಹಾಗಿದೆ.”

“ಎಷ್ಟನೇದಾಕಿ ಬಂದ್ಲು?”

ಶ್ರುತಿ ಲೋಟ ಕೆಳಗಿಟ್ಟಳು. “ಮೊದಲು” ಅಂದಳು, ಸಣ್ಣ ದನಿಯಲ್ಲಿ.

ಆಮೇಲೆ ನಾನು ಏನೇನು ಅಂದೆನೋ ಬರೆಯುವುದಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದ ನನ್ನ ಗಂಡ ಎದ್ದು ಬಂದು ಏನಾಯಿತೆಂದು ಕೇಳಿದರು, ಅಷ್ಟು ಹೇಳಿದರೆ ಸಾಕು. ಎರಡು ದಾರಿ ಬರೆದವಳಿಗೆ ಸೊನ್ನೆ ಕೊಟ್ಟ ಶಾಲೆ, ಈಗ ಅವಳದೇ ಗೆರೆ ಮುಂದಿಟ್ಟುಕೊಂಡು, ನೆಟ್ಟಗೆ ಹೋದ ಇನ್ನೊಬ್ಬಳನ್ನು ಹೊರಹಾಕಿತ್ತು. ಜೆನಿಟಾಳ ಕಥೆಯನ್ನು ಆಗಲೇ ಶ್ರುತಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ನನಗೆ ಕನಿಕರ ಬರಲಿಲ್ಲ.

“ಫೋನ್ ಮಾಡು. ಈಗ, ನನ್ನ ಮುಂದ” ಅಂದೆ.

ಶ್ರುತಿ ಸ್ಪೀಕರ್ ಹಾಕಿ ಫೋನ್ ಮಾಡಿದಳು. ನಾಜ್‌ಳ ಅಮ್ಮ ಎತ್ತಿ, ಮಗಳ ಕೈಗೆ ಕೊಟ್ಟರು.

“ನಾಜ್, ನೀನು ಟೀಮಲ್ಲಿದ್ದೀಯ. ನಾನು ತೆಗೆದದ್ದು ತಪ್ಪು.”

ಆ ಕಡೆಯಿಂದ ಒಂದು ಸಣ್ಣ, ಗಟ್ಟಿ ದನಿ. “ಗೈಡ್ ರೂಟಲ್ಲೇ ಓಡ್ಬೇಕಾ ಮ್ಯಾಮ್? ದೆನ್ ಐ ಡೋಂಟ್ ವಾಂಟ್.”

“ಬೇಡ, ಬೇಡ. ನಿನ್ನಿಷ್ಟ” ಎಂದಳು ಶ್ರುತಿ. ಆದರೆ ಅಭ್ಯಾಸಬಲ ಎಲ್ಲಿ ಬಿಡುತ್ತದೆ, ಕೂಡಲೇ ಕೇಳಿಯೂಬಿಟ್ಟಳು. “ಕಾಂಪಿಟಿಷನ್ ದಿನ ಆ ತಗ್ಗಿನ ಹತ್ರ ಯಾವ ರೂಟ್ ತಗೊಳ್ತೀಯ?”

“ಈಗ ಹೇಗೆ ಹೇಳೋದು ಮ್ಯಾಮ್? ಅವತ್ತು ಅಲ್ಲಿ ನಿಂತು ನೋಡ್ಬೇಕಲ್ಲ.”

ಶ್ರುತಿ ಫೋನ್ ಇಟ್ಟು ನನ್ನ ಮುಖ ನೋಡಿದಳು. ಬರೆದುಕೊಳ್ಳಲೆಂದು ತಂದಿದ್ದ ಪೆನ್ನು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದನ್ನು ಅವಳ ಕಡೆ ತಳ್ಳಿದೆ.

“ಈಗ ಬರ್ಕೊ” ಅಂದೆ.